ಕುಪ್ಪಳಿಯ ತಿರುವು ಮತ್ತು ಕವಿಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಅಮ್ಮನ ತವರು ಕೊಪ್ಪದ ಕಡೆ. ತೀರ್ಥಹಳ್ಳಿ–ಕೊಪ್ಪ ರಸ್ತೆಯಲ್ಲಿ ಚಿಕ್ಕಂದಿನಿಂದಲೂ ಓಡಾಡಿದ್ದೇನೆ. ಗೊತ್ತಿದ್ದವರು ಯಾರಾದರೂ ಕುವೆಂಪು ಬೆಳೆದ ಮನೆ, ಅಂದರೆ ಕವಿಮನೆ, ನೋಡಲು ಕುಪ್ಪಳಿಗೆ ಹೊರಟರೆ ಮೊದಲು ನನಗೊಂದು ಫೋನು ಬರುತ್ತದೆ. ನೋಡಿ ಬಂದಮೇಲೆ ಇನ್ನೊಂದು. ಕೇಳುವುದು ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಅವರು ಕೇಳಿದ ಮಾತಲ್ಲೇ ಇಲ್ಲಿ ಬರೆದಿಟ್ಟಿದ್ದೇನೆ. ಸುಲಭದ್ದು ಮೊದಲು, ಯೋಚನೆಗೆ ಹಚ್ಚುವಂಥದ್ದು ಆಮೇಲೆ.

## ಹೊರಡುವ ಮುಂಚೆ

ಕುಪ್ಪಳಿ ಎಲ್ಲಿದೆ? ಕಾರಿಲ್ಲದೆ ಹೋಗೋಕಾಗುತ್ತಾ?

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಲ್ಲಿದೆ. ತೀರ್ಥಹಳ್ಳಿಯಿಂದ ಕೊಪ್ಪಕ್ಕೆ ಹೋಗುವ ದಾರಿಯಲ್ಲಿ ಅರ್ಧ ಗಂಟೆ ಹೋದರೆ ಕುಪ್ಪಳಿಯ ತಿರುವು ಬರುತ್ತದೆ. ಅಲ್ಲಿ ಮುಖ್ಯರಸ್ತೆ ಬಿಟ್ಟು ಒಳಕ್ಕೆ ತಿರುಗಬೇಕು.

ಬಸ್ಸಲ್ಲಿ ಧಾರಾಳವಾಗಿ ಹೋಗಬಹುದು. ತೀರ್ಥಹಳ್ಳಿ–ಕೊಪ್ಪ ಬಸ್ಸು ಹತ್ತಿ, "ಕುಪ್ಪಳಿ, ಕವಿಮನೆ ಹತ್ರ ಇಳಿಸಿ" ಅಂದರೆ ಸಾಕು. ಕೊಪ್ಪ ಅಂದಾಗ ಹೇಳದೆ ಇರಲಾಗದ ಒಂದು ಮಾತಿದೆ. ಈ ಸೀಮೆಯ ಬಸ್ಸು ಅಂದರೆ ಬಹಳ ವರ್ಷ ನಮಗೆಲ್ಲ ಸಹಕಾರ ಸಾರಿಗೆ. ಕೆಲಸ ಕಳೆದುಕೊಂಡ ಬಸ್ ನೌಕರರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿಕೊಂಡ ಸಂಘ ಅದು. 2020ರಲ್ಲಿ ನಿಂತುಹೋಯಿತು. ಆ ಬಸ್ಸಿನ ಕಿಟಕಿಯಲ್ಲಿ ಕೂತು ಕುಪ್ಪಳಿಯ ಕಾಡು ನೋಡಿದವರಿಗೆ ಅದು ಇನ್ನೂ ಕಣ್ಣಿಗೆ ಕಟ್ಟಿದೆ.

ರೈಲಲ್ಲಿ ಬರುವವರು ಶಿವಮೊಗ್ಗದಲ್ಲಿ ಇಳಿದು ತೀರ್ಥಹಳ್ಳಿ ಬಸ್ಸು ಹಿಡಿಯಿರಿ. ವಿಮಾನ ನಿಲ್ದಾಣವೂ ಈಗ ಶಿವಮೊಗ್ಗದ ಸೋಗಾನೆಯಲ್ಲಿದೆ, 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಅದಕ್ಕಿಟ್ಟ ಹೆಸರೂ ರಾಷ್ಟ್ರಕವಿ ಕುವೆಂಪು ಅವರದ್ದೇ. ಉಡುಪಿ ಕಡೆಯವರು ಆಗುಂಬೆ ಘಾಟಿಯ 14 ತಿರುವು ಹತ್ತಿಕೊಂಡು ಬರಬಹುದು.

ಕುಪ್ಪಳಿ ಅನ್ಬೇಕಾ, ಕುಪ್ಪಳ್ಳಿ ಅನ್ಬೇಕಾ?

ಎರಡೂ ಬಳಕೆಯಲ್ಲಿದೆ. ಕವಿ ತಾವೇ ಬರೆದದ್ದು ಕುಪ್ಪಳಿ ಎಂದು, ನಾನೂ ಹಾಗೇ ಬರೆಯುತ್ತೇನೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅನ್ನುವುದರ ಮೊದಲಕ್ಷರಗಳೇ ಕು-ವೆಂ-ಪು. ಅಂದರೆ ಅವರ ಹೆಸರಲ್ಲಿ ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ಅವರು.

ಮಳೆಗಾಲದಲ್ಲಿ ಹೋಗಬಹುದಾ? ಜಿಗಣೆ ಕಾಟ ಇರುತ್ತಂತೆ?

ಹೋಗಬಹುದು. ನಾನಂತೂ ಮಳೆಗಾಲದಲ್ಲೇ ಒಂದು ಸಲ ಹೋಗಿ ಅಂತ ಹೇಳುತ್ತೇನೆ. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಕುಪ್ಪಳಿಯಲ್ಲಿ ಅಷ್ಟಿಲ್ಲ, ಆದರೂ ಜುಲೈಯಲ್ಲಿ ಹಿಡಿದ ಮಳೆ ದಿನಗಟ್ಟಲೆ ಬಿಡುವುದಿಲ್ಲ. ಈ ಮನೆಯನ್ನು ಕಟ್ಟಿದ್ದೇ ಆ ಮಳೆಗೋಸ್ಕರ. ಬಿಸಿಲಲ್ಲಿ ಬರೀ ಚೆಂದ ಕಾಣುವ ಹೆಂಚಿನ ಮಾಡು (ಸೂರು), ಮಳೆಯಲ್ಲಿ ಕೆಲಸ ಮಾಡುವುದು ಕಾಣುತ್ತದೆ.

ಜಿಗಣೆಗೆ ನಮ್ಮ ಕಡೆ ಉಂಬಳ ಅನ್ನುತ್ತಾರೆ. ಹುಲ್ಲು, ದರಗಿನ ಮೇಲೆ ನಡೆದರೆ ಹತ್ತುತ್ತದೆ. ಕಿತ್ತು ಎಳೆಯಬೇಡಿ, ಉಪ್ಪು ಅಥವಾ ಸುಣ್ಣ ಮುಟ್ಟಿಸಿದರೆ ತಾನೇ ಬಿಡುತ್ತದೆ. ಇಷ್ಟಕ್ಕೆ ಹೆದರಿ ಹೋಗದೇ ಇರಬೇಡಿ.

ಮನೆಯ ಹತ್ತಿರದ ಕವಿಶೈಲ ಅನ್ನುವ ಗುಡ್ಡದ ಮೇಲೆ ಸೂರ್ಯ ಮುಳುಗುವುದನ್ನ ನೋಡಬೇಕು ಅನ್ನುವವರಿಗೆ ನವೆಂಬರಿನಿಂದ ಫೆಬ್ರವರಿ ಒಳ್ಳೇದು.

ಎಷ್ಟು ಹೊತ್ತು ಬೇಕಾಗುತ್ತೆ?

ಅರ್ಧ ದಿನ ಇಟ್ಟುಕೊಳ್ಳಿ. ಹೆಚ್ಚಿನವರು ಶೃಂಗೇರಿಗೆ ಹೋಗುವ ದಾರಿಯಲ್ಲಿ ಇಪ್ಪತ್ತು ನಿಮಿಷ ನುಗ್ಗಿ, ಒಂದು ಫೋಟೋ ತೆಗೆದು ಓಡುತ್ತಾರೆ. ಆಮೇಲೆ "ಅಲ್ಲೇನೂ ಇಲ್ಲ ಕಣ್ರೀ" ಅನ್ನುತ್ತಾರೆ. ಮನೆಗೆ ಒಂದು ಗಂಟೆಯಾದರೂ ಕೊಡಿ, ಗುಡ್ಡಕ್ಕೆ ಸಂಜೆ ಕೊಡಿ.

## ಊರು ಮತ್ತು ರಸ್ತೆ

ಬಸ್ಸಿಂದ ಇಳಿದ್ವಿ, ಊರೇ ಕಾಣ್ಲಿಲ್ಲ. ಊರು ಎಲ್ಲಿದೆ?

ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದೇ. ನನಗೆ ತುಂಬಾ ಇಷ್ಟವಾದ ಪ್ರಶ್ನೆಯೂ ಇದೇ.

ಬಯಲುಸೀಮೆಯವರಿಗೆ ಊರು ಅಂದರೆ ಒಂದು ಚಿತ್ರ ಇದೆ. ಊರಬಾಗಿಲು, ಗುಡಿ, ಅರಳಿಕಟ್ಟೆ, ಎರಡು ಸಾಲು ಮನೆ, ಹೊರಗೆ ಹೊಲ. ಮಲೆನಾಡಿನಲ್ಲಿ ಆ ಊರು ಹುಡುಕಬೇಡಿ, ಸಿಗುವುದಿಲ್ಲ. ಇಲ್ಲಿ ಎಷ್ಟೋ ಕಡೆ ಒಂದು ಮನೆಯೇ ಒಂದು ಊರು. ಒಂದು ಗುಡ್ಡದ ಬುಡ, ಅದರ ಕೆಳಗೆ ಒಂದು ಕಣಿವೆ, ಕಣಿವೆಯಲ್ಲಿ ಗದ್ದೆ, ಗದ್ದೆಯ ತಲೆಗೆ ಅಡಿಕೆ ತೋಟ, ಪಕ್ಕದಲ್ಲಿ ಸೊಪ್ಪು ತರುವ ಹಾಡ್ಯ. ಇಷ್ಟರ ನಡುವೆ ಒಂದು ದೊಡ್ಡ ಮನೆ, ಅದರ ಸುತ್ತ ದುಡಿಯುವವರ ಬಿಡಾರಗಳು. ಇದಕ್ಕೊಂದು ಹೆಸರು. ಆ ಹೆಸರೇ ಊರು. ಮುಂದಿನ ಊರು ಗುಡ್ಡದ ಆಚೆ ಕಣಿವೆಯಲ್ಲಿ.

ಕುಪ್ಪಳಿಯೂ ಅಂಥ ಒಂಟಿಮನೆಯ ಊರು. ನೀವು "ಮನೆ ನೋಡಿದ್ವಿ, ಊರು ನೋಡ್ಲಿಲ್ಲ" ಅಂದರೆ ಊರನ್ನೇ ನೋಡಿದ್ದೀರಿ ಅಂತ ಅರ್ಥ.

ಇದು ಗೊತ್ತಿದ್ದರೆ ಆ ಮನೆಯ ಗಾತ್ರವೂ ಅರ್ಥವಾಗುತ್ತದೆ. ಇದು ಒಂದು ಸಂಸಾರ ಮಾತ್ರ ಇದ್ದ ಮನೆಯಲ್ಲ. ಅಣ್ಣತಮ್ಮಂದಿರು, ಅವರ ಹೆಂಡತಿ ಮಕ್ಕಳು, ವಿಧವೆಯರು, ನೆಂಟರು, ಘಟ್ಟದ ಕೆಳಗಿಂದ ಬಂದ ಕೆಲಸದವರು, ದಾರಿಹೋಕರು ಎಲ್ಲರೂ ಇದೇ ಮಾಡಿನ ಕೆಳಗೆ. ಉಗ್ರಾಣ ಇಲ್ಲೇ, ನ್ಯಾಯ ಪಂಚಾಯಿತಿ ಇದೇ ಜಗಲಿಯಲ್ಲಿ. ಬಾಲಕ ಪುಟ್ಟಪ್ಪ ಅಕ್ಷರ ಕಲಿತದ್ದೂ ಮನೆಗೇ ಬಂದ ಐಗಳ, ಅಂದರೆ ಮೇಷ್ಟ್ರ ಹತ್ತಿರ. ಆಮೇಲೆ ತೀರ್ಥಹಳ್ಳಿಯ ಶಾಲೆ, ಅಲ್ಲಿಂದ ಮೈಸೂರು.

ಇಷ್ಟು ದೊಡ್ಡ ಮನೆನ ರಸ್ತೆ ಪಕ್ಕ ಕಟ್ಟದೆ ಒಳಗೆ ಯಾಕೆ ಕಟ್ಟಿದ್ರು?

ಮನೆ ಕಟ್ಟುವಾಗ ಈ ರಸ್ತೆ ಇರಲಿಲ್ಲ. ಮಲೆನಾಡಿನ ಹಳೇ ಮನೆಗಳು ರಸ್ತೆ ನೋಡಿ ಕೂತಿಲ್ಲ, ನೀರು ನೋಡಿ ಕೂತಿವೆ. ಬೇಸಿಗೆಯಲ್ಲೂ ಬತ್ತದ ಒರತೆ ಎಲ್ಲಿದೆ, ಮಳೆಗಾಳಿಗೆ ಗುಡ್ಡ ಎಲ್ಲಿ ಮರೆ, ಗದ್ದೆ ಕಣ್ಣಳತೆಯಲ್ಲಿ ಇದೆಯಾ, ಇಷ್ಟೇ ಲೆಕ್ಕ. ದಾರಿ ಅಂದರೆ ಕಾಲುದಾರಿ, ಹೆಚ್ಚೆಂದರೆ ಗಾಡಿದಾರಿ. ಶಿವಮೊಗ್ಗಕ್ಕೆ ರೈಲು ಬಂದದ್ದೇ 1899ರಲ್ಲಿ, ಮೋಟಾರು ಇನ್ನೂ ತಡ.

ರಸ್ತೆ ಬಂದಮೇಲೆ ಹೊಸ ಥರದ ಊರುಗಳು ಹುಟ್ಟಿದವು. ಎರಡು ದಾರಿ ಸೇರುವಲ್ಲಿ ಒಂದು ಚಾ ಅಂಗಡಿ, ಸೈಕಲ್ ಶಾಪು, ಆಮೇಲೆ ಬಸ್ ಸ್ಟಾಪು. ಅವಕ್ಕೆ ಹೆಸರೂ ದಾರಿಯದ್ದೇ. ಚಿಕ್ಕಮಗಳೂರಿನ ಹತ್ತಿರ ಬಾಬಾಬುಡನ್ ಗಿರಿಗೆ ಹೋಗುವ ದಾರಿಯಲ್ಲಿ ಕೈಮರ ಇದೆ. ದಾರಿ ತೋರಿಸುವ ಕೈ ಇರುವ ಮರದ ಕಂಬವೇ ಕೈಮರ. ಮೂಡಿಗೆರೆ ಹತ್ತಿರ ಹ್ಯಾಂಡ್‌ಪೋಸ್ಟ್ ಇದೆ, ಎಚ್.ಡಿ. ಕೋಟೆ ಹತ್ತಿರ ಇನ್ನೊಂದು ಹ್ಯಾಂಡ್‌ಪೋಸ್ಟ್. ಕಂಬ ಹೋಗಿ ಎಷ್ಟೋ ಕಾಲವಾದರೂ ಊರಿಗೆ ಹೆಸರು ಉಳಿದಿದೆ.

ಕುಪ್ಪಳಿಯ ತಿರುವಿನಲ್ಲಿ ನಿಂತರೆ ಈ ಎರಡು ಕಾಲ ಒಟ್ಟಿಗೆ ಸಿಗುತ್ತವೆ. ಬೆನ್ನ ಹಿಂದೆ ಡಾಂಬರು ರಸ್ತೆ, ಬಸ್ಸಿನ ಹಾರನ್ನು. ಮುಂದೆ ಕಾಡಿನೊಳಗೆ ಇಳಿಯುವ ದಾರಿ. ಆಗುವುದಾದರೆ ಕಾರನ್ನು ಸ್ವಲ್ಪ ಹಿಂದೆಯೇ ನಿಲ್ಲಿಸಿ ನಡೆದು ಹೋಗಿ. ಮರಗಳ ನಡುವಿಂದ ಮೊದಲು ಹೆಂಚಿನ ಮಾಡು, ಆಮೇಲೆ ಅಂಗಳ, ಕೊನೆಗೆ ಬಾಗಿಲು ಕಾಣಬೇಕು. ಹಿಂದೆ ನೆಂಟರು ಬರುತ್ತಿದ್ದದ್ದು ಹಾಗೆ.

## ಮನೆಯ ಒಳಗೆ

ಕುವೆಂಪು ಹುಟ್ಟಿದ್ದು ಈ ಮನೇಲೇ ಅಲ್ವಾ?

ಅಲ್ಲ. 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ತಾಯಿ ಸೀತಮ್ಮನವರ ತವರಿನಲ್ಲಿ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಚೊಚ್ಚಲ ಹೆರಿಗೆ ತವರಲ್ಲಿ ಆಗುವುದು ನಮ್ಮಲ್ಲಿ ಈಗಲೂ ನಡೆದುಬಂದ ರೂಢಿ. ಬೆಳೆದದ್ದು ಕುಪ್ಪಳಿಯಲ್ಲಿ. ಆ ಡಿಸೆಂಬರ್ 29 ಈಗ ವಿಶ್ವಮಾನವ ದಿನ. ಆ ದಿನ ಹೋದರೆ ಜನ ಜಾಸ್ತಿ, ಮನೆಯನ್ನು ನಿಧಾನವಾಗಿ ನೋಡಲು ಆಗುವುದಿಲ್ಲ.

ಇದು ಅದೇ ಹಳೇ ಮನೆನಾ, ಹೊಸದಾಗಿ ಕಟ್ಟಿದ್ದಾ?

ಹಳೇ ಮನೆ ಶಿಥಿಲವಾಗಿತ್ತು. ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಶುರುವಾದದ್ದು 1992ರಲ್ಲಿ. ಆಮೇಲೆ ಪ್ರತಿಷ್ಠಾನದವರು ಮನೆಯನ್ನು ಮೊದಲಿನ ರೂಪದಲ್ಲೇ ಎತ್ತಿ ನಿಲ್ಲಿಸಿದರು. "ಹಾಗಾದ್ರೆ ಅಸಲಿ ಅಲ್ಲ" ಅಂತ ಕೆಲವರು ಮುಖ ಸಣ್ಣ ಮಾಡುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮಲೆನಾಡಿನ ಮನೆ ಯಾವತ್ತೂ ಒಂದೇ ಸಲ ಕಟ್ಟಿ ಬಿಡುವ ವಸ್ತುವಲ್ಲ. ಪ್ರತಿ ಬೇಸಿಗೆಯಲ್ಲೂ ಹೆಂಚು ಕೈಯಾಡಿಸಬೇಕು, ಗೆದ್ದಲು ಹಿಡಿದ ರೀಪು ತೆಗೆಯಬೇಕು, ಗೋಡೆ ಮೆತ್ತಬೇಕು. ಎರಡು ಮಳೆಗಾಲ ಕೈಬಿಟ್ಟರೆ ಮನೆ ಕೂತುಬಿಡುತ್ತದೆ. ಸುತ್ತಮುತ್ತ ಹಾಗೆ ಕೂತುಹೋದ ದೊಡ್ಡ ಮನೆಗಳು ಎಷ್ಟಿವೆ ಅಂತ ನೋಡಿದವರಿಗೆ ಇದು ನಿಂತಿರುವ ಬೆಲೆ ಗೊತ್ತು.

ಒಳಗೆ ಏನೇನು ನೋಡಬೇಕು?

ಮೂರಂತಸ್ತಿನ ಮನೆ. ಹೆಬ್ಬಾಗಿಲು ದಾಟಿದರೆ ನಡುವೆ ತೆರೆದ ಅಂಗಳ, ತುಳಸಿಕಟ್ಟೆ, ಸುತ್ತ ಜಗಲಿ, ಕೆತ್ತನೆಯ ಮರದ ಕಂಬಗಳು. ಈ ಕಂಬಕ್ಕೆ ನಮ್ಮಲ್ಲಿ ಮುಂಡಿಗೆ ಅನ್ನುತ್ತಾರೆ. ಅಡುಗೆಮನೆ, ಬಾಣಂತಿ ಕೋಣೆ, ಮೇಲೆ ಉಪ್ಪರಿಗೆ. ಕವಿಯ ಬಟ್ಟೆ, ಕನ್ನಡಕ, ಪುಸ್ತಕಗಳು, ಫೋಟೋಗಳು, ಹಳೇ ಕಾಲದ ಅಡುಗೆ ಪಾತ್ರೆ, ಬೇಸಾಯದ ಸಾಮಾನು ಇಟ್ಟಿದ್ದಾರೆ. 1937ರ ಏಪ್ರಿಲ್ 30ರಂದು ಹೇಮಾವತಿಯವರ ಜೊತೆ ನಡೆದ ಮದುವೆಯ ಮಂಟಪವೂ ಇದೆ.

ಆದರೆ ಸಾಮಾನು ನೋಡುತ್ತಾ ಅಂಗಳ ಮರೆಯಬೇಡಿ. ಮಳೆ ಬರುವಾಗ ಜಗಲಿಯ ಅಂಚಿಗೆ ನಿಂತುಕೊಳ್ಳಿ. ನಾಲ್ಕೂ ಕಡೆಯ ಮಾಡಿನಿಂದ ನೀರು ಒಂದೇ ಸಲ ಅಂಗಳಕ್ಕೆ ಇಳಿಯುತ್ತದೆ. ಹೆಂಚಿನ ಒಂದೊಂದು ಸಾಲಿಗೂ ಒಂದೊಂದು ನೀರಿನ ದಾರ. ಮೊದಲು ಬಿಡಿ ಬಿಡಿ ಹನಿ, ಆಮೇಲೆ ದಾರ, ಜೋರಾದಾಗ ಪರದೆ. ಎದುರು ಜಗಲಿಯಲ್ಲಿ ನಿಂತವರ ಮಾತು ಕೇಳಿಸುವುದಿಲ್ಲ, ಬಾಯಿ ಆಡುವುದು ಮಾತ್ರ ಕಾಣುತ್ತದೆ. ಒಂದು ಸಲ ನನ್ನ ಜೊತೆ ಬಂದಿದ್ದ ಹತ್ತು ವರ್ಷದ ಹುಡುಗಿ ಅಲ್ಲೇ ಕಾಲು ಇಳಿಬಿಟ್ಟು ಕೂತವಳು, ಎಲ್ಲರೂ ಉಪ್ಪರಿಗೆ ಹತ್ತಿ ಇಳಿದರೂ ಏಳಲಿಲ್ಲ. ಅವಳೇ ಸರಿಯಾಗಿ ಮನೆ ನೋಡಿದ್ದು.

ಮನೆ ಒಳಗೆ ಅಷ್ಟು ಕತ್ತಲೆ ಯಾಕೆ?

ಮಾಡು ತಗ್ಗಿಗೆ ಇಳಿದಿದೆ, ಕಿಟಕಿ ಸಣ್ಣವು. ಎರಡೂ ಮಳೆಯ ಎರಚಲಿಗೆ. ಮಣ್ಣಿನ ಗೋಡೆಗೆ ನೀರು ತಾಗಿದರೆ ಉಳಿಯುವುದಿಲ್ಲ. ಬೆಳಕು ಬೇಕಾದ ಕೆಲಸವೆಲ್ಲ ಜಗಲಿಯಲ್ಲಿ ನಡೆಯುತ್ತಿತ್ತು. ಒಳಗಿನ ಕೋಣೆ ಮಲಗಲು, ಬತ್ತ ಇಡಲು. ಒಲೆಯ ಹೊಗೆ ಮೇಲಕ್ಕೆ ಹೋಗಿ ಮರಮಟ್ಟನ್ನು ಹುಳ ಬೀಳದಂತೆ ಕಾಯುತ್ತಿತ್ತು. ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಕೊಡಿ.

ಪದಕಗಳು ಕಳ್ಳತನ ಆದವಂತೆ, ಹೌದಾ?

ಹೌದು. 2015ರ ನವೆಂಬರಿನಲ್ಲಿ ಮನೆಗೆ ಕನ್ನ ಹಾಕಿ ಪದ್ಮ ಪ್ರಶಸ್ತಿಯ ಪದಕಗಳನ್ನು ಕದ್ದರು. ಸುದ್ದಿ ಕೇಳಿದ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

## ಗುಡ್ಡದ ಮೇಲೆ

ಕವಿಶೈಲದ ಆ ದೊಡ್ಡ ಕಲ್ಲುಗಳು ಶಿಲಾಯುಗದವಾ?

ಅಲ್ಲ, ನಮ್ಮ ಕಾಲದವೇ. ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ಕಲ್ಪನೆ. ನಿಲ್ಲಿಸಿದ ಕಲ್ಲುಗಳ ಮೇಲೆ ಅಡ್ಡಕಲ್ಲು ಇಟ್ಟು ಮಾಡಿದ್ದು. ಇಂಗ್ಲೆಂಡಿನ ಸ್ಟೋನ್‌ಹೆಂಜ್ ನೆನಪಾದರೆ ಆಶ್ಚರ್ಯವಿಲ್ಲ, ಅಂಥ ಹಳೇ ಶಿಲಾವೃತ್ತಗಳ ಮಾದರಿಯಲ್ಲೇ ಕಟ್ಟಿದ್ದಾರೆ. ಆದರೆ ಕೆಳಗಿನ ಬಂಡೆ ಮಾತ್ರ ಎಂದಿನಿಂದಲೂ ಅಲ್ಲೇ ಇರುವುದು. ಕವಿ ಹುಡುಗನಾಗಿದ್ದಾಗ ಹತ್ತಿ ಕೂರುತ್ತಿದ್ದದ್ದು ಆ ಬಂಡೆಯ ಮೇಲೆ. ಕಲ್ಲುಕಂಬದ ಕೆಳಗೆ ಫೋಟೋ ತೆಗೆಸಿಕೊಂಡ ಮೇಲೆ ಬಂಡೆಯ ಮೇಲೂ ಸ್ವಲ್ಪ ಹೊತ್ತು ಸುಮ್ನೆ ಕೂತುಕೊಳ್ಳಿ. ಪಶ್ಚಿಮಕ್ಕೆ ಮುಖ ಮಾಡಿದರೆ ಒಂದರ ಹಿಂದೆ ಒಂದು ಮಲೆ, ಹಿಂದಿಂದಕ್ಕೆ ಹೋದಷ್ಟೂ ತಿಳಿಯಾಗುವ ಬಣ್ಣ.

ಹತ್ತುವುದು ಕಷ್ಟವಿಲ್ಲ. ಮನೆಯಿಂದ ನಡೆದೇ ಹೋಗುವಷ್ಟು ಹತ್ತಿರ. ಮಂಡಿನೋವಿನವರಿಗೆ ವಾಹನ ಹೋಗುವ ದಾರಿಯೂ ಇದೆ.

ಬಂಡೆ ಮೇಲೆ ಯಾರೋ ಹೆಸರು ಕೆತ್ತಿದ್ದಾರಲ್ಲ, ನಾವೂ ಕೆತ್ತಬಹುದಾ?

ದಯವಿಟ್ಟು ಬೇಡ. ಅಲ್ಲಿರುವುದು ಬಿ.ಎಂ. ಶ್ರೀಕಂಠಯ್ಯ, ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು ಅವರ ಸಹಿಗಳು. ಇಬ್ಬರು ಮೇಷ್ಟ್ರು, ಒಬ್ಬ ಶಿಷ್ಯ. ತನ್ನ ಗುರುಗಳನ್ನು ಮೈಸೂರಿನಿಂದ ಇಷ್ಟು ದೂರ ಕರಕೊಂಡು ಬಂದು, ತಾನು ಕೂರುತ್ತಿದ್ದ ಬಂಡೆ ತೋರಿಸಿದ ಶಿಷ್ಯನ ಸಂಭ್ರಮ ಯೋಚಿಸಿ. ಬೆರಳಿನಿಂದ ಮುಟ್ಟಿ ನೋಡಿ, ಸಾಕು.

ಅವರು ತೀರಿಕೊಂಡಿದ್ದು ಮೈಸೂರಲ್ಲಿ ಅಲ್ವಾ? ಸಮಾಧಿ ಇಲ್ಲಿ ಹೇಗೆ?

1994ರ ನವೆಂಬರಿನಲ್ಲಿ ಮೈಸೂರಲ್ಲೇ ತೀರಿಕೊಂಡರು. ಅವರ ಬದುಕಿನ ಹೆಚ್ಚಿನ ಭಾಗ ಅಲ್ಲೇ, ಉದಯರವಿ ಅನ್ನುವ ಮನೆಯಲ್ಲಿ. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯೂ ಆಗಿದ್ದರು. ಆದರೆ ಅಂತ್ಯಕ್ರಿಯೆ ನಡೆದದ್ದು ಕವಿಶೈಲದ ಮೇಲೆ. ಸಮಾಧಿ ಅಲ್ಲೇ ಇದೆ.

ತೇಜಸ್ವಿ ಅವರ ಮನೆನೂ ಇದೇನಾ?

ಪೂರ್ಣಚಂದ್ರ ತೇಜಸ್ವಿ 1938ರ ಸೆಪ್ಟೆಂಬರ್ 8ರಂದು ಹುಟ್ಟಿದ್ದು ಕುಪ್ಪಳಿಯಲ್ಲಿ. ಆದರೆ ಬದುಕಿದ್ದು ಮೂಡಿಗೆರೆಯಲ್ಲಿ, ಕಾಫಿ ತೋಟದ ನಡುವೆ. 2007ರ ಏಪ್ರಿಲ್ 5ರಂದು ತೀರಿಕೊಂಡದ್ದೂ ಅಲ್ಲೇ. ಅವರ ಸ್ಮಾರಕ ಕುಪ್ಪಳಿಯಲ್ಲಿದೆ. ಅಪ್ಪನ ಹಾಗೆ ಮಗನೂ ಇಲ್ಲಿಗೇ ಮರಳಿದರು.

## ಇನ್ನೂ ಸ್ವಲ್ಪ ಆಳದವು

ಅಲ್ಲಿ ಮಂತ್ರಮಾಂಗಲ್ಯ ಮದುವೆ ಆಗ್ತಾರಂತೆ. ಏನದು?

ಪುರೋಹಿತರಿಲ್ಲದ, ಮುಹೂರ್ತವಿಲ್ಲದ, ವರದಕ್ಷಿಣೆಯಿಲ್ಲದ ಮದುವೆ. ಹೆಣ್ಣು ಗಂಡು ಹಿರಿಯರ ಎದುರು ಕುವೆಂಪು ಸಿದ್ಧಪಡಿಸಿದ ಮಾತುಗಳನ್ನು ಓದಿ, ಒಪ್ಪಿ, ಹಾರ ಬದಲಾಯಿಸಿಕೊಳ್ಳುತ್ತಾರೆ. 1966ರಲ್ಲಿ ತೇಜಸ್ವಿ ಮದುವೆಯಾದದ್ದು ಹೀಗೆ. ಕುಪ್ಪಳಿಯ ಹೇಮಾಂಗಣ ಸಭಾಂಗಣದಲ್ಲಿ ಈಗಲೂ ಇಂಥ ಮದುವೆಗಳು ನಡೆಯುತ್ತವೆ. ಪ್ರತಿಷ್ಠಾನದವರನ್ನು ಮುಂಚೆಯೇ ಕೇಳಬೇಕು. ಒಂದು ಮಾತು: ಸರಳ ಮದುವೆ ಅಂತ ಹೇಳಿ ಐದು ಬಸ್ಸು ಜನ ಕರಕೊಂಡು ಹೋಗಬೇಡಿ. ಜಾಗಕ್ಕೂ ಒಳ್ಳೇದಲ್ಲ, ಆ ಮಂತ್ರಕ್ಕೂ ಒಪ್ಪುವುದಿಲ್ಲ.

ಕಾದಂಬರಿಯಲ್ಲಿ ಬರೋ ಊರುಗಳು ನಿಜವಾಗಿ ಇವೆಯಾ?

ಕೆಲವು ಇವೆ. 1967ರಲ್ಲಿ ಬಂದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಮೇಗರವಳ್ಳಿ, ತೀರ್ಥಹಳ್ಳಿ ಗೊತ್ತು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಮೇಗರವಳ್ಳಿ ಇವತ್ತಿಗೂ ಬಸ್ಸು ನಿಲ್ಲುವ ಜಾಗ. ಆದರೆ ಪುಸ್ತಕ ಕೈಯಲ್ಲಿ ಹಿಡಿದು ಮನೆ ಮನೆ ಹುಡುಕಬೇಡಿ. ಅಲ್ಲಿರುವುದು ಈಗಲೂ ಜನ ವಾಸ ಮಾಡುವ ಮನೆಗಳು. ಕಾದಂಬರಿಯ ದಾರಿ ಹುಡುಕಬೇಕು ಅನ್ನಿಸಿದರೆ ಒಂದು ಗುಡ್ಡ ಹತ್ತಿ ಇನ್ನೊಂದು ಕಣಿವೆಗೆ ಇಳಿಯಿರಿ. ಆ ಕಾದಂಬರಿಯಲ್ಲಿ ಜನ ಅಷ್ಟೊಂದು ನಡೆಯುವುದು ಯಾಕೆ ಅಂತ ಕಾಲಿಗೆ ತಿಳಿಯುತ್ತದೆ.

ಇದು ಜಮೀನ್ದಾರರ ಮನೆ ತಾನೆ? ಅಲ್ಲಿ ದುಡಿದವರ ಮನೆಗಳು ಎಲ್ಲಿ?

ಈ ಪ್ರಶ್ನೆಯನ್ನು ಮೊದಲು ಕೇಳಿದವರು ಕಾಲೇಜು ಓದುವ ಒಬ್ಬ ಹುಡುಗ. ಅವತ್ತು ಸರಿಯಾಗಿ ಉತ್ತರ ಕೊಡಲು ನನಗೆ ಆಗಲಿಲ್ಲ. ಈಗ ಬರೆಯುತ್ತೇನೆ.

ಹೌದು, ಒಕ್ಕಲಿಗ ಗೌಡರ ದೊಡ್ಡ ಮನೆ ಇದು. ಈ ಥರದ ಮನೆ ನಿಂತದ್ದು ಬಹಳ ಜನರ ಬೆನ್ನ ಮೇಲೆ. ನಟ್ಟಿ ನೆಟ್ಟವರು, ಅಡಿಕೆ ಸುಲಿದವರು, ಮುಂಡಿಗೆಗೆ ಮರ ಕಡಿದು ಎಳೆದು ತಂದವರು. ಅವರ ಬಿಡಾರಗಳು ಮಣ್ಣು, ಬಿದಿರು, ಹುಲ್ಲಿನವು. ಹುಲ್ಲಿನ ಮಾಡು ಕೈಬಿಟ್ಟರೆ ಒಂದೆರಡು ಮಳೆಗಾಲದಲ್ಲಿ ಮಣ್ಣಿಗೆ ಮಣ್ಣು. ಹಾಗಾಗಿ ಮಲೆನಾಡಿನಲ್ಲಿ ಎಲ್ಲೇ ಹಳೇ ಮನೆ ಉಳಿದಿದ್ದರೂ ಅದು ಒಡೆಯರ ಮನೆಯೇ. ಅಂಗಳದಲ್ಲಿ ನಿಂತಾಗ ಇದು ನೆನಪಿರಬೇಕು.

ಸಾಲಕ್ಕೆ ಸಿಕ್ಕಿ ಜೀತಕ್ಕೆ ಬಿದ್ದವರು, ಗೇಣಿ ಕೊಟ್ಟು ಬರಿಗೈಯಲ್ಲಿ ಉಳಿದವರು ಈ ಜಿಲ್ಲೆಯಲ್ಲಿ ಎಷ್ಟು ಜನವೋ. ಗೇಣಿ ಬತ್ತ ಅಳೆಯುವ ಕೊಳಗ ದೊಡ್ಡದು ಮಾಡಿದ್ದಾರೆ ಅನ್ನುವ ಜಗಳವೇ 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹವಾಯಿತು. ಅದರಲ್ಲಿ ನಿಂತ ಶಾಂತವೇರಿ ಗೋಪಾಲಗೌಡರು ಇದೇ ತೀರ್ಥಹಳ್ಳಿ ತಾಲ್ಲೂಕಿನವರು. 1974ರ ಭೂಸುಧಾರಣೆಯ ತಿದ್ದುಪಡಿ ಬಂದಮೇಲೆ ಗೇಣಿದಾರರು ಅರ್ಜಿ ಹಾಕಿ ಭೂಮಿಯ ಒಡೆಯರಾದರು. ದೊಡ್ಡ ಮನೆಗಳು ಪಾಲಾಗಿ, ಖಾಲಿಯಾಗಿ, ಬಿದ್ದು ಹೋಗಲು ಅದೂ ಒಂದು ಕಾರಣ. ಮನೆ ಬಿದ್ದದ್ದಕ್ಕೆ ಬೇಜಾರಾಗುತ್ತದೆ, ಭೂಮಿ ಸಿಕ್ಕಿದ್ದು ನ್ಯಾಯವಾಗಿತ್ತು. ಎರಡೂ ನಿಜ.

ಇನ್ನು ದುಡಿದವರ ಮನೆಗಳು ಎಲ್ಲಿ ಅಂದರೆ, ಈ ಮನೆಯಲ್ಲಿ ಬೆಳೆದ ಹುಡುಗನ ಬರವಣಿಗೆಯಲ್ಲಿವೆ. ಮೇಲೆ ಹೇಳಿದ ಕಾದಂಬರಿಯಲ್ಲಿ ಜೀತದಾಳು ಗುತ್ತಿ ತನ್ನ ನಾಯಿ ಹುಲಿಯನ ಜೊತೆ ನಡೆಯುತ್ತಾನೆ. ಅವನ ಬಿಡಾರ, ಅವನ ಹಸಿವು, ಅವನು ಮೆಚ್ಚಿದ ಹುಡುಗಿ ತಿಮ್ಮಿ, ಎಲ್ಲಕ್ಕೂ ಹೆಗ್ಗಡೆಯವರ ಮನೆಗೆ ಇರುವಷ್ಟೇ ಜಾಗ ಇದೆ. ಪ್ರಶ್ನೆ ಕೇಳಿದ ಆ ಕಾಲೇಜು ಹುಡುಗನಿಗೆ ನಾನು ಈ ಪುಸ್ತಕ ಕೊಟ್ಟೆ. ಎರಡು ತಿಂಗಳಾದಮೇಲೆ ಅವನು ಒಬ್ಬನೇ ತೀರ್ಥಹಳ್ಳಿ ಬಸ್ಸು ಹತ್ತಿ ಮತ್ತೆ ಕುಪ್ಪಳಿಗೆ ಹೋಗಿ ಬಂದ.